ಇಪ್ಪತ್ತನಾಲ್ಕು ತೂತಿನ ಪೆಟ್ಟಿಗೆ

ಕೋವಿಯ ತೋಟಾಗಳನ್ನು ಇಡುವ ಚರ್ಮದ ಪೆಟ್ಟಿಗೆಯೊಂದನ್ನು ಮಾಡಲು ನನಗೆ ಹನ್ನೊಂದು ವಾರ ಹಿಡಿಯಿತು. ಇನ್ನೂರು ವರ್ಷಗಳ ಹಿಂದೆ ಬಾಲ್ಟಿಮೋರಿನ ಯಾವ ಜೀನಗಾರನಾದರೂ ಒಂದೆರಡು ದಿನದಲ್ಲಿ ಇದನ್ನು ಮುಗಿಸಿ ಪಕ್ಕಕ್ಕಿಟ್ಟು, ಕುದುರೆಯ ಲಗಾಮಿಗೆ ಕೈ ಹಾಕುತ್ತಿದ್ದನೇನೋ. ನನ್ನದು ಶನಿವಾರ ಭಾನುವಾರದ ಕೆಲಸ, ಜೊತೆಗೆ ಬೇಕಾದಷ್ಟು ತಪ್ಪುಗಳು. ಆ ತಪ್ಪುಗಳನ್ನೇ ಹೆಚ್ಚು ಬರೆಯುತ್ತೇನೆ. ಸರಿಹೋದ ಭಾಗವನ್ನು ಚಿತ್ರ ನೋಡಿದರೂ ಕಲಿಯಬಹುದು.

ನಾನಿರುವುದು ಮೇರಿಲ್ಯಾಂಡ್ ರಾಜ್ಯದಲ್ಲಿ. ಇಲ್ಲಿ ಸೆಪ್ಟೆಂಬರ್ 12 ‘ರಕ್ಷಕರ ದಿನ’, ರಾಜ್ಯದ ರಜೆ. ಅಮೆರಿಕಕ್ಕೂ ಬ್ರಿಟನ್ನಿಗೂ 1812ರಲ್ಲಿ ಶುರುವಾದ ಯುದ್ಧದ ನಡುವೆ, 1814ರಲ್ಲಿ ಅದೇ ದಿನ ಬಾಲ್ಟಿಮೋರಿನ ಹೊರಗಿನ ನಾರ್ತ್ ಪಾಯಿಂಟಿನಲ್ಲಿ ಊರಿನ ಮಿಲಿಷಿಯಾ, ಅಂದರೆ ಖಾಯಂ ಸೈನಿಕರಲ್ಲದ ಊರವರದೇ ಪಡೆ, ಬ್ರಿಟಿಷ್ ಸೈನ್ಯಕ್ಕೆ ಅಡ್ಡ ನಿಂತಿತು. ಕೊನೆಗೆ ಹಿಂದೆ ಸರಿಯಿತು ನಿಜ, ಆದರೆ ಅಷ್ಟರಲ್ಲಿ ಬ್ರಿಟಿಷ್ ಸೇನಾಪತಿ ರಾಬರ್ಟ್ ರಾಸ್ ಗುಂಡೇಟಿಗೆ ಬಲಿಯಾಗಿದ್ದ. ಆ ದಿನದ ನೆನಪಿಗೆ ಹಳೆಯ ವೇಷ ತೊಟ್ಟು ಶಾಲಾ ಮಕ್ಕಳಿಗೆ ಕಥೆ ಹೇಳುವ ಸ್ವಯಂಸೇವಕರ ಗುಂಪೊಂದು ನಮ್ಮ ಕಡೆ ಇದೆ. ಎರಡು ವರ್ಷ ಅವರ ಜೊತೆ ಕುರ್ಚಿ ಹೊತ್ತೆ, ನೀರು ಹಂಚಿದೆ. ಮೂರನೆಯ ವರ್ಷ ಗುಂಪಿನ ಹಿರಿಯರು, ವೃತ್ತಿಯಿಂದ ಬಡಗಿಯಾಗಿದ್ದವರು, “ನಿಮ್ಮ ಸಾಮಾನು ನೀವೇ ಮಾಡಿಕೊಳ್ಳಿ, ಸಾಲಿನಲ್ಲಿ ನಿಲ್ಲಿಸುತ್ತೇನೆ” ಎಂದರು. ಕೋವಿ ಗುಂಪಿನದು, ಎರವಲು. ತೋಟಾಪೆಟ್ಟಿಗೆ ಮತ್ತು ಬೆನ್ನುಚೀಲ ನನ್ನ ಪಾಲಿಗೆ ಬಂದವು.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದಕ್ಕೆ ಅವರು ಕೊಟ್ಟದ್ದು ನಕ್ಷೆಯನ್ನಲ್ಲ, ಒಂದು ಕಾಯ್ದೆಯ ಪ್ರತಿಯನ್ನು. 1792ರ ಮೇ 8ರ ಮಿಲಿಷಿಯಾ ಕಾಯ್ದೆ. 18 ತುಂಬಿದ, 45 ಮುಟ್ಟದ, ಮೈಕೈ ಗಟ್ಟಿಯಿರುವ, ಸ್ವತಂತ್ರ ಬಿಳಿಯ ಗಂಡಸರೆಲ್ಲರೂ ಪಡೆಗೆ ಹೆಸರು ಬರೆಸಬೇಕು. ಆರು ತಿಂಗಳೊಳಗೆ ತಮ್ಮ ಸಾಮಾನನ್ನು ತಾವೇ ಹೊಂದಿಸಿಕೊಳ್ಳಬೇಕು. ಒಳ್ಳೆಯ ಕೋವಿ, ಬಯೊನೆಟ್ ಮತ್ತು ಅದರ ಪಟ್ಟಿ, ಎರಡು ಹೆಚ್ಚುವರಿ ಚಕಮಕಿ ಕಲ್ಲು, ಒಂದು ಬೆನ್ನುಚೀಲ, ಮತ್ತು 24ಕ್ಕೆ ಕಡಿಮೆಯಿಲ್ಲದಂತೆ ತೋಟಾ ಹಿಡಿಯುವ ಪೆಟ್ಟಿಗೆಯುಳ್ಳ ಚೀಲ. ರೈಫಲ್ ಇದ್ದವನಾದರೆ ಲೆಕ್ಕ ಬೇರೆ: ಮದ್ದಿನ ಕೊಂಬು, ಗುಂಡಿನ ಚೀಲ, 20 ಗುಂಡು, ಕಾಲು ಪೌಂಡ್ ಮದ್ದು.

‘ಬಿಳಿಯ’ ಎಂಬ ಪದವನ್ನು ನೋಡಿ ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಆ ಕಾಯ್ದೆಯ ಪ್ರಕಾರ ನಾನು ಈ ಪೆಟ್ಟಿಗೆಯನ್ನು ಹೊರುವ ಹಾಗೆಯೇ ಇರಲಿಲ್ಲ. ಹೊರುತ್ತಿದ್ದೇನೆ, ಅಷ್ಟೇ.

ಈ ಪಟ್ಟಿಯಲ್ಲಿ ಇಲ್ಲದ್ದನ್ನು ಗಮನಿಸಿ. ನೀರಿನ ಬುರುಡೆ ಇಲ್ಲ, ಕಂಬಳಿ ಇಲ್ಲ, ಬುತ್ತಿಯ ಚೀಲವಿಲ್ಲ. ಕುದುರೆ ಪಡೆಯವರೂ ಫಿರಂಗಿ ಪಡೆಯವರೂ ಸ್ವಂತ ಖರ್ಚಿನಲ್ಲಿ ಸಮವಸ್ತ್ರ ತೊಡಬೇಕು ಎಂದಿರುವ ಕಾಯ್ದೆ, ಕಾಲಾಳಿನ ಅಂಗಿಯ ಬಗ್ಗೆ ಚಕಾರ ಎತ್ತುವುದಿಲ್ಲ. ಆದರೆ ಇನ್ನೊಂದು ಕಡೆ ಎಚ್ಚರ ವಹಿಸಿದೆ: ಈ ಆಯುಧ ಸಾಮಾನುಗಳನ್ನು ಸಾಲಕ್ಕಾಗಲಿ ತೆರಿಗೆ ಬಾಕಿಗಾಗಲಿ ಜಪ್ತಿ ಮಾಡುವಂತಿಲ್ಲ. ಸಾಲಗಾರನ ಮನೆಯ ಹಸು ಹೋಗಬಹುದು, ತೋಟಾಪೆಟ್ಟಿಗೆ ಉಳಿಯುತ್ತದೆ! ಬಡವರಿಗೆ ಕೋವಿ ಕೊಳ್ಳುವ ಶಕ್ತಿ ಇರಲಿಲ್ಲವೆಂಬುದು ಸರ್ಕಾರಕ್ಕೂ ತಿಳಿಯದೆ ಹೋಗಲಿಲ್ಲ. 1808ರಿಂದ ಮಿಲಿಷಿಯಾಗಳಿಗೆ ಆಯುಧ ಒದಗಿಸಲು ವರ್ಷಕ್ಕೆ 2,00,000 ಡಾಲರ್ ಎತ್ತಿಟ್ಟರು.

ಹೀಗಾಗಿ ‘ಅಮೆರಿಕದ ಮಿಲಿಷಿಯಾ ಸಮವಸ್ತ್ರ’ ಎಂದು ಹುಡುಕಿದರೆ ಕಣ್ಣಿಗೆ ಬೀಳುವುದು ಒಂದು ಬಗೆ, ಸಾಲಿನಲ್ಲಿ ನಿಂತವರಲ್ಲಿ ಅನೇಕರು ತೊಟ್ಟದ್ದು ಇನ್ನೊಂದು. ನಗರದ ಅನುಕೂಲಸ್ಥರು ತಾವೇ ಹಣ ಹಾಕಿ ಕಟ್ಟಿಕೊಂಡ ಸ್ವಯಂಸೇವಕ ಕಂಪನಿಗಳಿಗೆ ನೀಲಿ ಕೋಟು, ಕೆಂಪು ಕಾಲರು, ಟೋಪಿಗೆ ಗರಿ, ಎಲ್ಲ ಇತ್ತು. ಉಳಿದವರು ಮನೆಯ ಬಟ್ಟೆಯಲ್ಲೇ ಬರುತ್ತಿದ್ದರು. ಅಂಚಿಗೆ ಜಾಲರು ಬಿಟ್ಟ ನಾರುಬಟ್ಟೆಯ ಬೇಟೆಯಂಗಿ, ತಲೆಗೆ ದುಂಡು ಹ್ಯಾಟು. ಖಾಯಂ ಸೈನ್ಯಕ್ಕೇ ಬಟ್ಟೆಯ ಬರವಿತ್ತು. 1814ರ ಜುಲೈ 5ರಂದು ಕೆನಡಾದ ಚಿಪ್ಪಾವಾದಲ್ಲಿ ಅಮೆರಿಕದ ಸೇನಾನಿ ವಿನ್‌ಫೀಲ್ಡ್ ಸ್ಕಾಟನ ದಳ ನೀಲಿ ಬಟ್ಟೆ ಸಿಗದೆ ಬೂದು ಜಾಕೆಟ್ಟಿನಲ್ಲಿ ಇಳಿದಿತ್ತು. ಅವರನ್ನು ಕಂಡ ಬ್ರಿಟಿಷ್ ಸೇನಾಪತಿ ರಯಾಲ್ ‘ಇವರು ಬರೀ ಮಿಲಿಷಿಯಾ’ ಎಂದು ಹಗುರವಾಗಿ ಎಣಿಸಿ ಏಟು ತಿಂದನೆಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. ನಾನು ಆರಿಸಿಕೊಂಡದ್ದು ಗರಿಯಿಲ್ಲದವನ ವೇಷ. ಅಂಗಿಯನ್ನು ಗುಂಪಿನವರೊಬ್ಬರು ಹೊಲಿದುಕೊಟ್ಟರು. ಅದರ ಮಾತು ಅಷ್ಟು ಸಾಕು.

ಈಗ ಮರದ ತುಂಡಿಗೆ ಬರೋಣ. ಪೆಟ್ಟಿಗೆಯ ಜೀವ ಇರುವುದು ಒಳಗಿನ ಮರದ ಅಚ್ಚಿನಲ್ಲಿ. ಒಂದು ಮರದ ಇಟ್ಟಿಗೆಗೆ ಸಾಲಾಗಿ ತೂತು ಕೊರೆದು, ಒಂದೊಂದರಲ್ಲಿ ಒಂದೊಂದು ಕಾಗದದ ತೋಟಾ ನಿಲ್ಲಿಸುತ್ತಾರೆ. ತೂತಿನ ಅಳತೆ ಎಷ್ಟು? ಉತ್ತರ ಕಾಯ್ದೆಯಲ್ಲೇ ಇದೆ. ಮುಂದೆ ಮಿಲಿಷಿಯಾ ಕೋವಿಗಳೆಲ್ಲ ‘ಪೌಂಡಿಗೆ ಹದಿನೆಂಟು’ ತೂಗುವ ಗುಂಡು ಹಿಡಿಯುವಂತಿರಬೇಕು ಎಂದಿದೆ. ಒಂದು ಪೌಂಡ್ ಸೀಸವನ್ನು 18 ಸಮಪಾಲು ಮಾಡಿ ಉಂಡೆ ಕಟ್ಟಿದರೆ ಒಂದೊಂದೂ ಸುಮಾರು 25 ಗ್ರಾಂ, ಅಡ್ಡಳತೆ 16 ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಫ್ರೆಂಚ್ ಕೋವಿಯನ್ನು ನೋಡಿ ಮಾಡಿದ 1795ರ ಸ್ಪ್ರಿಂಗ್‌ಫೀಲ್ಡ್ ಕೋವಿಯ ನಳಿಗೆ 0.69 ಅಂಗುಲ, ಅಂದರೆ 17.5 ಮಿ.ಮೀ. ಗುಂಡಿಗೂ ನಳಿಗೆಗೂ ನಡುವೆ ಒಂದು ಮಿಲಿಮೀಟರಿಗೂ ಮೀರಿದ ಸಡಿಲ. ಕರಿಮದ್ದು ಉರಿದರೆ ನಳಿಗೆಯೊಳಗೆ ಒಲೆಯ ಮಸಿಯ ಹಾಗೆ ಕಿಟ್ಟ ಕಟ್ಟುತ್ತದೆ, ಹತ್ತಾರು ಸಲ ಹಾರಿಸಿದ ಮೇಲೂ ಗುಂಡು ಇಳಿಯಬೇಕಲ್ಲ, ಅದಕ್ಕೆ ಈ ಸಡಿಲ. ಗುಂಡಿಗೆ ಎರಡು ಸುತ್ತು ಕಾಗದ ಸೇರಿದರೆ ಹದಿನೇಳರ ಆಸುಪಾಸು. ಬೆರಳಲ್ಲಿ ಹಿಡಿದು ಸಲೀಸಾಗಿ ಎಳೆಯಲು ತೂತು 19 ಮಿ.ಮೀ. ಇರಲಿ ಎಂದುಕೊಂಡೆ. ಮುಕ್ಕಾಲು ಅಂಗುಲ.

ಎಂಟರಂತೆ ಮೂರು ಸಾಲು. ಪೆಟ್ಟಿಗೆ ಚಿಕ್ಕದಾಗಿ ಚೊಕ್ಕಟವಾಗಿರಲಿ ಎಂಬ ಆಸೆಯಿಂದ ತೂತುಗಳ ನಡುವಿನ ಗೋಡೆಯನ್ನು ಎರಡೇ ಮಿಲಿಮೀಟರ್ ಇಟ್ಟೆ. ಒಣಗಿದ ಮೇಪಲ್ ಮರ, ವಿದ್ಯುತ್ ಬೈರಿಗೆ, ಅದಕ್ಕೆ ಅಗ್ಗದ ಚಪ್ಪಟೆ ಬಿಟ್. ಮೊದಲ ಎರಡು ಸಾಲು ಬಂತು. ಮೂರನೆಯ ಸಾಲಿನ ಮೂರನೆಯದು, ಒಟ್ಟಾರೆ ಹತ್ತೊಂಬತ್ತನೆಯದು, ಅರ್ಧ ಇಳಿದಾಗ ಬಿಟ್ ಸ್ವಲ್ಪ ಹೊರಳಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅಡಿಕೆ ಕತ್ತರಿಯಲ್ಲಿ ಹೋಳು ಮಾಡಿದಷ್ಟು. ಮರದ ಎಳೆಯ ಗುಂಟ ಮೂರು ತೂತುಗಳನ್ನು ಒಂದು ಮಾಡಿಕೊಂಡು ಸೀಳು ಹರಿದಿತ್ತು. ಅಂಟು ಹಾಕಿ ಕ್ಲಾಂಪ್ ಬಿಗಿದೆ, ಮರುದಿನ ಇನ್ನೊಂದು ಕಡೆ ಬಿಟ್ಟುಕೊಂಡಿತು. ಆ ತುಂಡು ಈಗ ನನ್ನ ಮೇಜಿನ ಮೇಲೆ ಪೆನ್ನು ಚುಚ್ಚಿಡುವ ಸಾಧನ.

ಹಿರಿಯರಿಗೆ ತೋರಿಸಿದೆ. ಅವರು ಸೀಳನ್ನು ನೋಡಲಿಲ್ಲ, ಮರವನ್ನು ಉಗುರಿನಿಂದ ಒತ್ತಿ ನೋಡಿದರು. “ಇಷ್ಟು ಗಟ್ಟಿ ಮರವನ್ನು ಯಾಕೆ ತಂದಿರಿ? ಇದು ಮೇಜಿನ ಕಾಲಲ್ಲ. ಮೆತ್ತಗಿದ್ದರೆ ಬಿಟ್ ಹೇಳಿದ ಮಾತು ಕೇಳುತ್ತದೆ” ಎಂದರು. ಎರಡನೆಯ ತುಂಡಿಗೆ ಟ್ಯುಲಿಪ್ ಪಾಪ್ಲರ್ ಮರ. ಗೋಡೆ 4 ಮಿ.ಮೀ., ತುದಿಗಳಲ್ಲಿ ಎಂಟೆಂಟು. ಉದ್ದ 196, ಅಗಲ 79, ಎತ್ತರ 65, ತೂತಿನ ಆಳ 50. ಬಿಟ್ಟನ್ನೂ ಬದಲಿಸಿದೆ: ಅಂಚಿನಿಂದ ಕತ್ತರಿಸುತ್ತ ಇಳಿಯುವ ಫೋರ್ಸ್ಟ್‌ನರ್ ಬಿಟ್ಟು, ನಿಲುವು ಯಂತ್ರಕ್ಕೆ ಸಿಕ್ಕಿಸಿ, ಪ್ರತಿ ತೂತಿಗೂ ಮೂರು ಸಲ ಮೇಲೆತ್ತಿ ಪುಡಿ ಹೊರಹಾಕುತ್ತ. ನಲವತ್ತು ನಿಮಿಷದಲ್ಲಿ 24 ತೂತು ಬಿದ್ದವು. ಸೊಂಟಕ್ಕೆ ಹೊಂದಲಿ ಎಂದು ಹಿಂಬದಿಯನ್ನು ಕೀಸುಳಿಯಿಂದ ಸ್ವಲ್ಪ ಒಳಬಾಗಿಸಿದೆ. ಅದನ್ನು ವಿಡಿಯೋ ಕರೆಯಲ್ಲಿ ಕಂಡ ಅಮ್ಮ, “ಮರದಲ್ಲಿ ಪಡ್ಡಿನ ಹಂಚು ಮಾಡುತ್ತಿದ್ದೀಯೇನೋ?” ಎಂದು ಕೇಳಿದರು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಪಡ್ಡಿನ ಹಂಚು.

ಚರ್ಮದಲ್ಲಿ ನಾನು ಕಳೆದುಕೊಂಡದ್ದು ಎರಡು ವಾರ ಮತ್ತು 40 ಡಾಲರ್. ‘ಅಪ್ಪಟ ಚರ್ಮ’ ಎಂಬ ಚೀಟಿ ನೋಡಿ ತಂದ ತುಂಡು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದಾಗಿತ್ತು. ಈ ವಿಧಾನ ಬಂದದ್ದೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ; 1812ರವನ ಸೊಂಟದಲ್ಲಿ ಅದು ಇರಲು ಸಾಧ್ಯವಿಲ್ಲ. ಕತ್ತರಿಸಿದ ಅಂಚನ್ನು ನೋಡಿದರೆ ಗುರುತು ಸಿಗುತ್ತದೆ. ಕ್ರೋಮ್ ಚರ್ಮದ ಒಳಪದರ ನೀಲಿಬೂದು. ತೊಗಟೆಯಲ್ಲಿ ಹದ ಮಾಡಿದ್ದು ಅಂಚಿನಿಂದ ಅಂಚಿಗೆ ಬೆಲ್ಲದ ಬಣ್ಣ. ಇಲ್ಲಿ ಓಕ್ ಮತ್ತು ಹೆಮ್ಲಾಕ್ ಮರದ ತೊಗಟೆ ಬಳಸುತ್ತಿದ್ದರು, ನಮ್ಮಲ್ಲಿ ತಂಗಡಿ ತೊಗಟೆ. ಎರಡರಲ್ಲೂ ಇರುವುದು ಟ್ಯಾನಿನ್ ಎಂಬ ಒಗರು.

ಆ ಒಗರು ಇಲ್ಲದಿದ್ದರೆ ಹಳೆಯ ಕಾಲದ ಕಪ್ಪು ಬಣ್ಣ ಹಿಡಿಯುವುದಿಲ್ಲ ಎಂಬುದು ನನಗೆ ಬಣ್ಣ ಹಚ್ಚಿದ ಮೇಲೆ ಗೊತ್ತಾಯಿತು. ಬಣ್ಣವೆಂದರೆ ವಿನೆಗರಿನಲ್ಲಿ ಕರಗಿಸಿದ ಕಬ್ಬಿಣ, ಬೇರೇನೂ ಇಲ್ಲ. ಅದರಲ್ಲೂ ಎಡವಿದೆ. ಪಾತ್ರೆ ಉಜ್ಜುವ ಸ್ಟೀಲ್ ಜುಂಗನ್ನು ವಿನೆಗರಿಗೆ ಹಾಕಿ ಒಂದು ವಾರ ಕಾದರೆ, ಅದು ಹೊಸದರಂತೆ ಹೊಳೆಯುತ್ತ ಕುಳಿತಿತ್ತು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಅಡುಗೆಮನೆಗೆ ತರುತ್ತೇವೆ ಎಂಬುದು ಹೊಳೆಯಬೇಡವೇ? ಬಡಗಿಗಳು ಬಳಸುವ ನವಿರು ಕಬ್ಬಿಣದ ನಾರು ತಂದು, ಸೋಪಿನಲ್ಲಿ ತೊಳೆದು ಎಣ್ಣೆ ಬಿಡಿಸಿ ಹಾಕಿದ ಮೇಲೆ ನೊರೆ ಎದ್ದಿತು. ಮುಚ್ಚಳ ಬಿಗಿಯಬಾರದು, ಜಲಜನಕ ಹೊರಬರುತ್ತದೆ. “ರೀ, ಆ ಬಾಟಲಿ ಒಂದು ಕಡೆ, ನನ್ನ ಉಪ್ಪಿನಕಾಯಿ ಜಾಡಿ ಒಂದು ಕಡೆ ಇರಲಿ” ಎಂದು ಹೆಂಡತಿ ಗ್ಯಾರೇಜಿಗೆ ಗಡಿಪಾರು ಮಾಡಿದಳು.

ತೊಗಟೆಯಲ್ಲಿ ಹದ ಮಾಡಿದ ಚರ್ಮ ಬಂತು, 3 ಮಿ.ಮೀ. ದಪ್ಪ. ಬೂದುಕಂದು ನೀರನ್ನು ಕುಂಚದಲ್ಲಿ ಎಳೆದೆ. ಮೊದಲ ಕ್ಷಣ ಒದ್ದೆ ಚರ್ಮ, ಅಷ್ಟೇ. ಉಸಿರು ಎಳೆದು ಬಿಡುವಷ್ಟರಲ್ಲಿ ಕುಂಚ ಹೋದ ದಾರಿಯಲ್ಲಿ ಬೂದು ನೆರಳು ಎದ್ದಿತು, ನಂತರ ನೇರಳೆ, ಇನ್ನೆರಡು ಉಸಿರಿಗೆ ಕಾಡಿಗೆ. ಹೊರಗಿನಿಂದ ಬಳಿದಂತೆ ಕಾಣಲಿಲ್ಲ, ಒಳಗಿನಿಂದ ಮೇಲೆ ಬಂದಂತೆ ಕಂಡಿತು. ನಿಜಕ್ಕೂ ಆಗುವುದು ಅದೇ: ಕಬ್ಬಿಣ ಹೋಗಿ ಚರ್ಮದೊಳಗಿನ ಒಗರನ್ನು ಸೇರಿ ಅಲ್ಲೇ ಕಪ್ಪಾಗುತ್ತದೆ. ಉಜ್ಜಿದರೆ ಕೈಗೆ ಹತ್ತುವುದಿಲ್ಲ. ಬಳಿಕ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ ಹುಳಿ ಕಳೆದು, ಒಣಗಿದ ಮೇಲೆ ಎಣ್ಣೆ ಕುಡಿಸಬೇಕು. ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಹಪ್ಪಳದಂತೆ ಬಿರಿಯುತ್ತದೆ.

ಆಕಾರ ಕೊಡುವುದು ಬಣ್ಣಕ್ಕೆ ಮೊದಲಿನ ಕೆಲಸ, ಬರೆಯುವಾಗ ಹಿಂದುಮುಂದಾಯಿತು. ಚರ್ಮವನ್ನು ನೀರಿನಲ್ಲಿ ನೆನೆಸಿ, ಗುಳ್ಳೆ ನಿಂತ ಮೇಲೆ ತೆಗೆದು, ಮರದ ತುಂಡಿನ ಮೇಲೆ ಎಳೆದು ಬಿಗಿದು ಎರಡು ದಿನ ಒಣಗಲು ಬಿಟ್ಟರೆ ಅಚ್ಚಿನ ಆಕಾರವನ್ನೇ ಹಿಡಿದುಕೊಳ್ಳುತ್ತದೆ. ಒದ್ದೆ ಚರ್ಮ ಚಪಾತಿ ಹಿಟ್ಟಿದ್ದಂತೆ, ಯಾವ ಗುರುತನ್ನೂ ಮರೆಯುವುದಿಲ್ಲ. ಮುಚ್ಚಳದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಉಗುರು ಅರ್ಧಚಂದ್ರ ಬರೆದಿದೆ, ಅದಿನ್ನು ಹೋಗುವುದಿಲ್ಲ. ಮರವನ್ನು ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಾರೆ. 1812ರಲ್ಲಿ ಪ್ಲಾಸ್ಟಿಕ್ ಎಲ್ಲಿತ್ತು ಎಂಬ ಹುಂಬತನದಿಂದ ನಾನು ಸುತ್ತಲಿಲ್ಲ. ಇದನ್ನು ನೆನಪಿಡಿ.

ಹೊಲಿಗೆಗೆ ಯಂತ್ರವಿಲ್ಲ. ನಾರಗಸೆಯ ಮೂರೆಳೆ ದಾರಕ್ಕೆ ಜೇನುಮೇಣ ತಿಕ್ಕಿ, ಎರಡು ತುದಿಗೂ ಒಂದೊಂದು ಸೂಜಿ. ಚೂಪು ಮೊನೆಯಿಂದ ಒಂದು ತೂತು ಮಾಡುವುದು, ಎಡಗೈ ಸೂಜಿ ಬಲಕ್ಕೆ, ಬಲಗೈ ಸೂಜಿ ಅದೇ ತೂತಿನಲ್ಲಿ ಎಡಕ್ಕೆ, ಎರಡೂ ಕೈಯಿಂದ ಒಟ್ಟಿಗೆ ಎಳೆಯುವುದು. ಒಂದೆಡೆ ದಾರ ಕಡಿದರೂ ಇನ್ನೊಂದು ದಾರ ಹಿಡಿದಿರುತ್ತದೆ. ಅಂಗುಲಕ್ಕೆ ಎಂಟು ಹೊಲಿಗೆ. ಎಳೆಯುವ ಬಿಗಿ ಪ್ರತಿ ಸಲವೂ ಒಂದೇ ಆಗಿರಬೇಕು. ಕಚೇರಿಯ ಸಿಟ್ಟು ಇದ್ದ ದಿನದ ಹೊಲಿಗೆಗಳು ಚರ್ಮದೊಳಗೆ ಹೂತಿವೆ, ಈಗಲೂ ತೋರಿಸಬಲ್ಲೆ. ಒಂದು ಪಕ್ಕವನ್ನು ಬಣ್ಣಕ್ಕೆ ಮೊದಲೇ ಹೊಲಿದುಬಿಟ್ಟಿದ್ದೆ. ಕಬ್ಬಿಣದ ನೀರು ತಗುಲಿ ಅಲ್ಲಿನ ದಾರ ಕಪ್ಪಾಗುವ ಬದಲು ತುಕ್ಕಿನ ಹಳದಿಗೆ ತಿರುಗಿತು. ದಾರದಲ್ಲಿ ಒಗರಿಲ್ಲವಲ್ಲ. ಬಿಚ್ಚಿ ಮತ್ತೆ ಹೊಲಿಯಬೇಕೆಂದು ಕತ್ತರಿ ತೆಗೆದಿದ್ದೆ. ಅಷ್ಟರಲ್ಲಿ ವಸ್ತುಸಂಗ್ರಹಾಲಯವೊಂದರ ಗಾಜಿನ ಹಿಂದೆ ನೋಡಿದ್ದ ಹಳೆಯ ಪೆಟ್ಟಿಗೆ ನೆನಪಾಯಿತು. ಅದರ ಮುಂಬದಿಯ ಹೊಲಿಗೆ ಮಣಿ ಪೋಣಿಸಿದಂತಿತ್ತು. ಮುಚ್ಚಳದಡಿಯ ಹೊಲಿಗೆ ಗೋಣಿಚೀಲದ ಬಾಯಿ ಹೊಲಿದಂತಿತ್ತು. ಕಾಣದ ಕಡೆ ಆತ ಸಮಯ ಹಾಳು ಮಾಡಿಲ್ಲ. ನಾನೂ ಕತ್ತರಿ ಕೆಳಗಿಟ್ಟೆ.

ಹೆಗಲಿಗೆ ಎರಡು ಅಂಗುಲ ಅಗಲದ ಪಟ್ಟಿ. ಎಡ ಹೆಗಲಿನಿಂದ ಇಳಿದು ಪೆಟ್ಟಿಗೆ ಬಲ ಸೊಂಟಕ್ಕೆ ಬರುತ್ತದೆ. ಬಿಳಿ ಪಟ್ಟಿಯಾದರೆ ಬಿಳಿ ಜೇಡಿಮಣ್ಣು ತಿಕ್ಕಿ ತಿಕ್ಕಿ ಬೆಳ್ಳಗಿಡಬೇಕು. ಆ ಸೇವೆ ಯಾರಿಗೆ ಬೇಕು? ಕಪ್ಪನ್ನೇ ಉಳಿಸಿಕೊಂಡೆ.

ತೋಟಾ ಮಾಡುವುದು ಇಡೀ ಕೆಲಸದಲ್ಲೇ ಖುಷಿಯ ಭಾಗ. ಕಾಗದವನ್ನು ಒಂದು ಬದಿ ಉದ್ದ, ಒಂದು ಬದಿ ಗಿಡ್ಡವಾಗಿ ಓರೆಗೆ ಕತ್ತರಿಸಿ, ದುಂಡು ಕಡ್ಡಿಗೆ ಸುತ್ತಿ, ತುದಿಯಲ್ಲಿ ಗುಂಡಿಟ್ಟು ದಾರ ಕಟ್ಟುವುದು. ಕಡ್ಡಿ ಎಳೆದುಕೊಂಡು ಟೊಳ್ಳಿಗೆ ಮದ್ದು ಸುರಿದು ಬಾಲವನ್ನು ಮಡಚುವುದು. ಸಂತೆಯಲ್ಲಿ ಕಡಲೆಕಾಯಿಗೆ ಕಟ್ಟುವ ಪೊಟ್ಟಣದ ತಮ್ಮ. ಸಿಪಾಯಿ ಬಾಲವನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆ ಮದ್ದನ್ನು ಕೋವಿಯ ಬದಿಯ ಬಟ್ಟಲಿಗೆ, ಉಳಿದದ್ದನ್ನು ನಳಿಗೆಗೆ ಸುರಿದು, ಗುಂಡನ್ನೂ ಕಾಗದವನ್ನೂ ಗಜದಿಂದ ಇಡಿಯುತ್ತಿದ್ದ. ಅಮೆರಿಕನ್ನರು ಒಂದು ದೊಡ್ಡ ಗುಂಡಿನ ಜೊತೆ ಮೂರು ಸಣ್ಣ ಚರೆ ಸೇರಿಸಿ ಕಟ್ಟುವುದೂ ಇತ್ತು. ಗುರಿ ತಪ್ಪಿದರೂ ಒಂದಾದರೂ ತಾಗಲಿ ಎಂಬ ಲೆಕ್ಕ.

ನಮ್ಮ ಗುಂಪಿನಲ್ಲಿ ಪೆಟ್ಟಿಗೆಗೆ ನಿಜವಾದ ಮದ್ದು ಹಾಕುವಂತಿಲ್ಲ, ಮಕ್ಕಳು ಮುಟ್ಟಿ ನೋಡುತ್ತಾರೆ. ಸೀಸವೂ ಬೇಡ. ಮೊದಲು ಮರದ ಮಣಿ, ರವೆ ಹಾಕಿ ಕಟ್ಟಿದೆ. ರವೆ ಕಾಗದದ ಸಂದಿನಿಂದ ಸೋರಿತು. ಪೆಟ್ಟಿಗೆ ಎಷ್ಟು ಹಗುರವಾಯಿತೆಂದರೆ ನಡೆದರೆ ಮುಚ್ಚಳ ಪಟಪಟ ಬಡಿಯಿತು. ಅಸಲು ತೋಟಾ ಮದ್ದು ಸೇರಿ 33 ಗ್ರಾಂ ತೂಗಿದರೆ 24ಕ್ಕೆ ಮುಕ್ಕಾಲು ಕಿಲೋ ಮೀರುತ್ತದೆ. ಆ ಭಾರಕ್ಕೆಂದೇ ಪಟ್ಟಿ, ಬಕಲು, ಮುಚ್ಚಳದ ದಪ್ಪ ಎಲ್ಲ ಹುಟ್ಟಿವೆ. ಮಣಿಯ ಬದಲು 16 ಗ್ರಾಮಿನ ಉಕ್ಕಿನ ಗೋಲಿ ತಂದೆ. ಮದ್ದಿನ ಜಾಗಕ್ಕೆ? ಕೋವಿಯ ಒರಟು ಮದ್ದಿನ ಕಾಳು ಒಂದೂವರೆ ಮಿಲಿಮೀಟರಿನ ಹತ್ತಿರ. ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಸಾಸಿವೆ, ಗಸಗಸೆ, ರಾಗಿ. ರಾಗಿ! ಬಣ್ಣವೂ ಕರಿಗೆಂಪು, ಗಾತ್ರವೂ ಸರಿ, ಕಾಗದದಲ್ಲಿ ಅಲ್ಲಾಡಿಸಿದರೆ ಸದ್ದೂ ಹಾಗೆಯೇ. ಬಾಲ್ಟಿಮೋರ್ ರಕ್ಷಣೆಗೆ ನಿಂತಿರುವ ನನ್ನ ತೋಟಾಗಳಲ್ಲಿ ಇಂಡಿಯನ್ ಅಂಗಡಿಯ ರಾಗಿ ಇದೆ.

ಇದು ಅಷ್ಟೇನೂ ಅಸಂಗತವಲ್ಲ. ಅಂದಿನ ಅಮೆರಿಕದ ಮದ್ದಿನ ಕಾರ್ಖಾನೆಗಳಿಗೆ ಪೆಟ್ಲುಪ್ಪು ಕಲ್ಕತ್ತೆಯಿಂದ ಹಡಗಿನಲ್ಲಿ ಬರುತ್ತಿತ್ತು. ಇನ್ನೊಂದು ನಂಟು ನಮ್ಮ ಶಿವಮೊಗ್ಗ ಜಿಲ್ಲೆಯದೇ. 1814ರ ಆಗಸ್ಟ್ 24ರಂದು ವಾಷಿಂಗ್ಟನ್ನಿನ ಹತ್ತಿರದ ಬ್ಲೇಡನ್ಸ್‌ಬರ್ಗಿನಲ್ಲಿ ಮಿಲಿಷಿಯಾ ಚೆಲ್ಲಾಪಿಲ್ಲಿಯಾಗಿ ಓಡಿದ್ದಕ್ಕೆ ತಲೆಯ ಮೇಲೆ ಶಿಳ್ಳೆ ಹಾಕುತ್ತ ಹಾರಿದ ಬ್ರಿಟಿಷರ ಕಾಂಗ್ರೀವ್ ರಾಕೆಟ್‌ಗಳೂ ಒಂದು ಕಾರಣ. ಅಂದೇ ರಾತ್ರಿ ವಾಷಿಂಗ್ಟನ್ ಹೊತ್ತಿ ಉರಿಯಿತು. ವಿಲಿಯಂ ಕಾಂಗ್ರೀವನಿಗೆ ಆ ರಾಕೆಟ್‌ಗಳನ್ನು ಮಾಡಲು ಪ್ರೇರಣೆ ಹೈದರ್ ಮತ್ತು ಟಿಪ್ಪುವಿನ ಮೈಸೂರು ಸೈನ್ಯ ಹಾರಿಸಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯಲ್ಲಿ ಅಂಥವು ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದು ಸಿಕ್ಕಿದವು. ನನ್ನ ಅಜ್ಜಿಯ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಬ್ಲೇಡನ್ಸ್‌ಬರ್ಗಿನಲ್ಲಿ ಓಡಿದ್ದ ಮೇರಿಲ್ಯಾಂಡಿನ 5ನೆಯ ರೆಜಿಮೆಂಟೇ ಹತ್ತೊಂಬತ್ತು ದಿನಗಳ ನಂತರ ನಾರ್ತ್ ಪಾಯಿಂಟಿನಲ್ಲಿ ನಿಂತು ಗುಂಡು ಹಾರಿಸಿತು. ಇದನ್ನು ಹೇಳಿದಾಗ ನಮ್ಮ ಹಿರಿಯರು ರಾಗಿಯ ತೋಟಾವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕರು.

ಬೆನ್ನುಚೀಲದ ವಿಷಯ ಬೇಗ ಮುಗಿಸುತ್ತೇನೆ. ಅದು ಕ್ಯಾನ್ವಾಸ್ ಚೀಲ, ಮಳೆ ತಡೆಯಲು ಎಣ್ಣೆಬಣ್ಣ. ಅಗಸೆ ಎಣ್ಣೆಗೆ ದೀಪದ ಮಸಿ ಕಲಸಿ ಮೂರು ಲೇಪ. ಒಂದೊಂದು ಲೇಪ ಒಣಗಲು ಐದಾರು ದಿನ, ಮೋಡ ಕವಿದರೆ ಎಂಟು. ದಪ್ಪ ಹಚ್ಚಿದ ಕಡೆ ಮಡಿಸಿದಾಗ ಬಿರಿಯಿತು, ತೆಳ್ಳಗೆ ಉಜ್ಜಿದ ಕಡೆ ಇವತ್ತಿಗೂ ಚೆನ್ನಾಗಿದೆ. ಆದರೆ ಒಂದು ಮಾತನ್ನು ಬರೆಯಲೇಬೇಕು. ಎರಡನೆಯ ಲೇಪದ ಸಂಜೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜಿನ ರಟ್ಟಿನ ಡಬ್ಬಿಗೆ ಎಸೆದು ಒಳಗೆ ಬಂದೆ. ಊಟವಾದ ಮೇಲೆ ಕನ್ನಡಕ ಮರೆತಿದ್ದೇನೆಂದು ಹೋದರೆ ಸುಟ್ಟ ಎಣ್ಣೆಯ ವಾಸನೆ. ಬಟ್ಟೆಯ ಮುದ್ದೆಗೆ ಕೈ ಹಾಕಿದೆ. ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯಂತೆ ಸುಡುತ್ತಿತ್ತು. ಬೆಂಕಿಯಿಲ್ಲ, ಕಿಡಿಯಿಲ್ಲ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕವನ್ನು ಹೀರುವುದು, ಹೀರುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ಏರುತ್ತ ಏರುತ್ತ ತಾನಾಗಿ ಹೊತ್ತಿಕೊಳ್ಳಬಹುದು. ಅಂಗಳಕ್ಕೆ ಒಯ್ದು ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಅಂದಿನಿಂದ ಅಂಥ ಬಟ್ಟೆಯನ್ನು ಬಿಡಿಸಿ ಹೊರಗಿನ ತಂತಿಗೆ ನೇತುಹಾಕುತ್ತೇನೆ, ಇಲ್ಲವೇ ನೀರಿನಲ್ಲಿ ನೆನೆಸುತ್ತೇನೆ. ಕನ್ನಡಕ ಮರೆಯದಿದ್ದರೆ ಏನಾಗುತ್ತಿತ್ತೆಂದು ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಹತ್ತನೆಯ ವಾರ ಎಲ್ಲವನ್ನೂ ಜೋಡಿಸಿದೆ. ಮರದ ತುಂಡನ್ನು ಚರ್ಮದ ಚೀಲದೊಳಗೆ ಇಳಿಸಿ, ಪಕ್ಕಗಳಿಗೆ ಹಿತ್ತಾಳೆಯ ಸಣ್ಣ ಮೊಳೆ. ಮುಚ್ಚಳದ ತುದಿಯ ನಾಲಗೆಯಂಥ ಪಟ್ಟಿಯನ್ನು ತಳದ ಹಿತ್ತಾಳೆ ಗುಂಡಿಗೆ ಸಿಕ್ಕಿಸಿದರೆ ಮುಚ್ಚಿಕೊಳ್ಳುತ್ತದೆ. ತೋಟಾಗಳನ್ನು ಒಂದೊಂದಾಗಿ ಇಳಿಸಿದೆ. ಮೊದಲ ಸಾಲು ಸಲೀಸು. ನಡುವಿನ ಸಾಲಿನಲ್ಲಿ ಬೆರಳು ತಡೆಯಿತು. ಹಿಂಬದಿಯ ಸಾಲಿನಲ್ಲಿ ಐದು ತೋಟಾ ಅರ್ಧಕ್ಕೆ ನಿಂತವು. ಅಳೆದರೆ ತೂತು ದುಂಡಗಿಲ್ಲ, ಒಂದು ದಿಕ್ಕಿಗೆ 19, ಇನ್ನೊಂದು ದಿಕ್ಕಿಗೆ 17ಕ್ಕಿಂತ ಚೂರು ಹೆಚ್ಚು. ಒದ್ದೆ ಚರ್ಮ ಬಿಗಿದಿದ್ದ ಎರಡು ದಿನದಲ್ಲಿ ಮರ ನೀರು ಕುಡಿದು ಉಬ್ಬಿ, ತೆಳು ಗೋಡೆಗಳು ಒಳಕ್ಕೆ ಬಾಗಿದ್ದವು. ಒಣಗಿದ ಮೇಲೂ ಪೂರ್ತಿ ಹಿಂದಕ್ಕೆ ಬರಲಿಲ್ಲ. ಪ್ಲಾಸ್ಟಿಕ್ ಸುತ್ತದ ಹುಂಬತನದ ಬೆಲೆ. ಮೊಳೆ ಹೊಡೆದಾಗಿತ್ತು, ಬಿಚ್ಚಿದರೆ ಚರ್ಮ ಹರಿಯುತ್ತದೆ. ದುಂಡು ಕಡ್ಡಿಗೆ ಮರಳು ಕಾಗದ ಸುತ್ತಿ, ಒಂದೊಂದು ತೂತಿನಲ್ಲೂ ಕಡಗೋಲು ಆಡಿಸಿದಂತೆ ಆಡಿಸಿದೆ. ಎರಡು ಸಂಜೆ ಹಿಡಿಯಿತು.

ಆಗಿನ ಕವಾಯತು ದಿನಗಳಲ್ಲಿ ಅಧಿಕಾರಿ ಪ್ರತಿಯೊಬ್ಬನ ಸಾಮಾನನ್ನು ತೆಗೆಸಿ ನೋಡುತ್ತಿದ್ದ, ಕೊರತೆ ಕಂಡರೆ ದಂಡ ಬೀಳುತ್ತಿತ್ತು. ನಮ್ಮ ಹಿರಿಯರು ಆ ಪದ್ಧತಿಯನ್ನು ಬಿಟ್ಟಿಲ್ಲ. ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿದರು. ಏನೂ ಬೀಳಲಿಲ್ಲ. ಮುಂಬದಿಯ ಹೊಲಿಗೆಯ ಮೇಲೆ ಬೆರಳಾಡಿಸಿ, “ಇದು ತೀರಾ ನೇರವಾಯಿತು, ದುಡ್ಡಿದ್ದವನ ಪೆಟ್ಟಿಗೆಯಂತಿದೆ” ಎಂದರು. ಮುಚ್ಚಳ ಎತ್ತಿ ಹಳದಿಯಾದ ದಾರವನ್ನು ನೋಡಿ, “ಇದು ಸರಿ” ಎಂದರು. ಆಮೇಲೆ ತೋಟಾಗಳನ್ನು ಎರಡು ಬೆರಳಿನಲ್ಲಿ ಎಳೆದು ನೋಡುತ್ತ ಬಂದರು. ಹಿಂಬದಿಯ ಸಾಲಿನ ಎಡ ತುದಿಯಲ್ಲಿ ನಿಂತರು. ಎಳೆದರು, ಬರಲಿಲ್ಲ. ತಿರುಗಿಸಿ ಎಳೆದರು. ಕಾಗದದ ಬಾಲ ಮಾತ್ರ ಅವರ ಕೈಗೆ ಬಂತು, ಹತ್ತಿಪ್ಪತ್ತು ರಾಗಿ ಕಾಳು ಹುಲ್ಲಿನ ಮೇಲೆ ಉದುರಿದವು.

“ಇಪ್ಪತ್ತಮೂರು. ಒಂದು ಕಡಿಮೆ” ಎಂದರು. ದಂಡವಾಗಿ ಆ ದಿನದ ಕಾಫಿ ನನ್ನದಾಯಿತು. ಉಕ್ಕಿನ ಗೋಲಿ ಆ ತೂತಿನ ತಳದಲ್ಲಿ ಇನ್ನೂ ಕೂತಿದೆ. ಅಯಸ್ಕಾಂತ ಕಟ್ಟಿದ ಕಡ್ಡಿಯಿಂದ ಈ ಶನಿವಾರ ಮತ್ತೊಮ್ಮೆ ಎಳೆದು ನೋಡಬೇಕು.